ಗೋಡೆಯಾಚೆಯ ಸದ್ದು

"ಅತ್ತೆ, ಗಾಜಿನ ಮನೆ ಯಾವ ಕಡೆ?"

ಲಾಲ್‌ಬಾಗಿನ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ನೀಲಾಂಬಿಕ ಕೇಳಿದಳು. ರಾಜೇಶ್ವರಮ್ಮ ಒಂದು ಗಳಿಗೆಯೂ ತಡೆಯದೆ, ನೆಟ್ಟಗೆ ಹೋದರೆ ಸಿಗುತ್ತದೆ, ಬಿಸಿಲೇರುವ ಮೊದಲು ಅದನ್ನು ನೋಡಬೇಕು, ಆಮೇಲೆ ಕೆರೆ, ಕೊನೆಗೆ ಬಂಡೆ ಎಂದು ಇಡೀ ದಿನದ ಕಾರ್ಯಕ್ರಮ ಒಪ್ಪಿಸಿಬಿಟ್ಟಳು. ಒಂಬತ್ತು ವರ್ಷದ ನೀಲಾಂಬಿಕ ಮೆಚ್ಚಿ ತಲೆಯಾಡಿಸಿದಳು. ಅವಳ ತಮ್ಮ, ಆರು ವರ್ಷದ ಶಾಂತವೀರ, ಅತ್ತೆಯ ಸೆರಗು ಹಿಡಿದು ಕಡಲೆಕಾಯಿ ಮಾರುವವನ ಕಡೆಗೇ ನೋಡುತ್ತಿದ್ದ. ಮಕ್ಕಳ ಅಪ್ಪ ಮಹೇಶ್ವರಪ್ಪ ಮೂವರನ್ನೂ ಜಟಕಾದಿಂದ ಇಳಿಸಿ, ತನಗೆ ಪೇಟೆಯಲ್ಲಿ ಅಡಿಕೆ ದಲಾಲಿಯ ಹತ್ತಿರ ಮಾತಾಡುವುದಿದೆ, ಮಧ್ಯಾಹ್ನ ಬಂಡೆಯ ಮೇಲೆ ಬಂದು ಕೂಡಿಕೊಳ್ಳುತ್ತೇನೆ ಎಂದು ಅದೇ ಜಟಕಾದಲ್ಲಿ ಹೋಗಿದ್ದ. ಅಕ್ಕ ಇರುವಾಗ ನನಗೇನು ಚಿಂತೆ ಎಂದೂ ಹೇಳಿದ್ದ.

ಚಿಂತೆ ಇದ್ದದ್ದು ಅಕ್ಕನಿಗೆ. ರಾಜೇಶ್ವರಮ್ಮ ಲಾಲ್‌ಬಾಗನ್ನು ನೋಡಿರಲಿಲ್ಲ. ಲಾಲ್‌ಬಾಗಿನ ಮಾತು ಹಾಗಿರಲಿ, ಬೆಂಗಳೂರನ್ನೇ ನೋಡಿರಲಿಲ್ಲ.

ಈ ಸಂಗತಿ ಶಿಕಾರಿಪುರದಲ್ಲಿ ಯಾರಿಗಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಬೆಂಗಳೂರಿನ ವಿಷಯದಲ್ಲಿ ಇಡೀ ಊರಿಗೆ ಆಕೆಯದೇ ಕೊನೆಯ ಮಾತು. ಹದಿನೈದಕ್ಕೆ ಮದುವೆಯಾಗಿ, ತರಗುಪೇಟೆಯ ಕಾಳಿನ ವ್ಯಾಪಾರಿಗಳ ಮನೆ ಸೇರಿ, ಮೂರು ವರ್ಷ ಬಾಳಿ, ಗಂಡ ವಿಷಮಶೀತ ಜ್ವರದಲ್ಲಿ ಹೋದಮೇಲೆ ತವರಿಗೆ ಬಂದವಳು. ಅದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರಿಗೆ ಹೊರಟವರೆಲ್ಲ ಮೊದಲು ಮಹೇಶ್ವರಪ್ಪನ ಮನೆಯ ಪಡಸಾಲೆಗೆ ಬಂದು, ಮಕ್ಕಳಿಗೆ ಏನೇನು ತೋರಿಸಬೇಕು, ಎಲ್ಲಿ ಬುತ್ತಿ ಬಿಚ್ಚಬೇಕು, ಎಲ್ಲಿ ಕೈ ಬಿಡಬಾರದು ಎಂದು ಕೇಳಿಕೊಂಡು ಹೋಗುತ್ತಿದ್ದರು. ಸೊರಬದ ಅಡಿಕೆ ತೋಟದವರ ಸೊಸೆ ವಾಸಂತಿ ಇದಕ್ಕೆಂದೇ ಬಸ್ಸು ಹತ್ತಿ ಬಂದಿದ್ದಳು. ತೊಗರ್ಸಿಯ ಶೇಷಪ್ಪ ಗಾಡಿ ಕಟ್ಟಿಸಿಕೊಂಡು ಬಂದಿದ್ದ.

ಆಕೆ ಹೇಳಿದ್ದು ಒಂದೂ ಸುಳ್ಳಾಗುತ್ತಿರಲಿಲ್ಲ, ಅದೇ ತಮಾಷೆ. ಹೋಗಿ ಬಂದವರನ್ನು ಆಕೆ ಸುಮ್ಮನೆ ಬಿಡುತ್ತಿರಲಿಲ್ಲ. ಮೇಷ್ಟ್ರು ಪಾಠ ಒಪ್ಪಿಸಿಕೊಳ್ಳುವಂತೆ ಮುಂದೆ ಕೂರಿಸಿಕೊಂಡು, ಗಾಜಿನ ಮನೆಯ ಕಂಬ ಕಬ್ಬಿಣದ್ದೋ ಕಲ್ಲಿನದೋ, ಮ್ಯೂಸಿಯಮ್ಮಿನಲ್ಲಿ ಮೊದಲು ಕಣ್ಣಿಗೆ ಬೀಳುವುದೇನು, ವಿಧಾನಸೌಧದ ಮೆಟ್ಟಿಲು ಹತ್ತಲು ಬಿಡುತ್ತಾರೋ ಇಲ್ಲವೋ ಎಂದು ಪ್ರಶ್ನೆ ಹಾಕುವಳು. ಅವರು ಇದು ಪರೀಕ್ಷೆ ಎಂದುಕೊಂಡು ಹುರುಪಿನಿಂದ ಹೇಳುವರು. ಹೀಗೆ ಇಪ್ಪತ್ತು ಮನೆಯವರು ತಂದು ಸುರಿದದ್ದನ್ನೆಲ್ಲ ಕೂಡಿಸಿ, ಹೊಂದಿಸಿ, ಇಪ್ಪತ್ತೊಂದನೆಯವರಿಗೆ ಹೇಳುವಳು. ಯಾರಿಗೂ ಇದರಿಂದ ಕೇಡಾಗಲಿಲ್ಲ. ಗಂಡ ಸತ್ತು ತವರಲ್ಲಿ ಕೂತ ಹೆಂಗಸಿಗೆ ಒಂದು ಬೆಲೆ ಬಂತು, ಅಷ್ಟೆ. ಆ ಬೆಲೆಯನ್ನು ಕಳೆದುಕೊಳ್ಳುವುದು ಆಕೆಗೆ ಬೇಕಿರಲಿಲ್ಲ.

ಈ ಸಲ ಬೇಸಗೆ ರಜೆಗೆ ಮಹೇಶ್ವರಪ್ಪ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದಾಯಿತು. ಅವನ ಹೆಂಡತಿ ಹಾಲಮ್ಮನ ಕೈಯಲ್ಲಿ ಮೂರು ತಿಂಗಳ ಕೂಸು. ಅತ್ತೆ ಬರದಿದ್ದರೆ ತಾನೂ ಬರುವುದಿಲ್ಲ ಎಂದು ನೀಲಾಂಬಿಕ ಹಟ ಹಿಡಿದಳು. ರಾಜೇಶ್ವರಮ್ಮ ಮಂಡಿನೋವು, ಬಿಸಿಲು, ರೈಲಿನ ಹೊಗೆ ಎಂದು ಏನೇನೋ ಹೇಳಿನೋಡಿದಳು. ಆದರೆ ಒಳಗೊಳಗೇ ಹೋಗುವ ಆಸೆ ಎಷ್ಟಿತ್ತೆಂದರೆ, ನೆಪಗಳು ಆಕೆಗೇ ಬಲವಾಗಿ ಕಾಣಲಿಲ್ಲ.

ಗಾಜಿನ ಮನೆ ಹೇಳಿದ ಜಾಗದಲ್ಲೇ ಇತ್ತು. ಕಂಬಗಳು ಕಬ್ಬಿಣದವೇ. ಕೆರೆಯೂ ತಪ್ಪಿಸಿಕೊಂಡು ಹೋಗಿರಲಿಲ್ಲ. ಮಕ್ಕಳು ಕೇಳಿದ್ದಕ್ಕೆಲ್ಲ ಆಕೆ ಸಲೀಸಾಗಿ ಉತ್ತರ ಕೊಟ್ಟಳು. ನಿಂತು ಕಣ್ಣು ತುಂಬ ನೋಡಬೇಕೆನ್ನಿಸಿದರೂ ನಿಲ್ಲುವಂತಿರಲಿಲ್ಲ. ದಿನಾ ನೋಡಿದವರು ಹಾಗೆ ನಿಂತು ನೋಡುತ್ತಾರೆಯೇ? ಗಾಜಿನ ಮೇಲೆ ಬಿಸಿಲು ಬಿದ್ದು ನೆಲವೆಲ್ಲ ಚೌಕ ಚೌಕವಾಗಿ ಹೊಳೆಯುವುದನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಅದನ್ನು ಕದ್ದು ನೋಡುತ್ತ ದಾಟಬೇಕಾಯಿತು. ಬೆಂಗಳೂರಿಗೆ ಬಂದೂ ನೋಡಲಿಕ್ಕಾಗುತ್ತಿಲ್ಲವಲ್ಲ ಎಂದು ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಕೆರೆ ದಂಡೆಯಲ್ಲಿ ರೊಟ್ಟಿ, ಚಟ್ನಿಪುಡಿ, ಮೊಸರು ಮುಗಿಸಿ ಬಂಡೆಯ ಬುಡಕ್ಕೆ ಬಂದರು. ಬಂಡೆ ಎಂದರೆ ಆಕೆಯ ಮನಸ್ಸಿನಲ್ಲಿ ಮನೆಯೆತ್ತರದ ಒಂದು ಗುಂಡು ಕಲ್ಲಿತ್ತು. ಹೋಗಿ ಬಂದವರೆಲ್ಲ ಬಂಡೆ, ಅದರ ಮೇಲೊಂದು ಗೋಪುರ ಎಂದಿದ್ದರೇ ಹೊರತು ಅಳತೆ ಹೇಳಿರಲಿಲ್ಲ. ಇಲ್ಲಿ ನೋಡಿದರೆ ಊರಿಗೆ ಊರೇ ಬಂದು ಕಣ ಮಾಡಬಹುದಾದಷ್ಟು ಅಗಲದ ಕಲ್ಲು, ಮೆಲ್ಲಗೆ ಏರುತ್ತ ಏರುತ್ತ ಆಕಾಶಕ್ಕೇ ಹೋಗಿತ್ತು. ರಾಜೇಶ್ವರಮ್ಮ ಚಪ್ಪಲಿ ಬಿಟ್ಟು ಬರಿಗಾಲಿಟ್ಟಳು. ಕಲ್ಲು ಚುರ್ರೆಂದಿತು. ಆದರೂ ಕಾಲು ತೆಗೆಯಲಿಲ್ಲ.

"ಇಷ್ಟು ದೊಡ್ಡದೇನು ಇದು" ಎಂದುಬಿಟ್ಟಳು.

ನೀಲಾಂಬಿಕ ಗಕ್ಕನೆ ನಿಂತಳು. "ನೀನು ಮೊದ್ಲು ಇದನ್ನ ನೋಡಿಲ್ಲೇನು ಅತ್ತೆ?"

ಮರೆತುಹೋಗಿತ್ತು ಎನ್ನಬಹುದಾಗಿತ್ತು. ನಾಲಿಗೆಯ ತುದಿಗೇ ಬಂದಿತ್ತು ಅದು. ಆದರೆ ರಾಜೇಶ್ವರಮ್ಮ ಮಕ್ಕಳ ಕೈ ಹಿಡಿದು ಹತ್ತಿದಳು. ಗೋಪುರದ ನೆರಳಿಗೆ ಬಂದು ತಿರುಗಿ ನೋಡಿದರೆ ಮರಗಳಾಚೆ ಬೆಂಗಳೂರು ಬಿದ್ದುಕೊಂಡಿತ್ತು. ಹೆಂಚು, ತಾರಸಿ, ಹೊಗೆ, ಮತ್ತೆ ಹೆಂಚು. ಇದರೊಳಗೆ ನಿನ್ನ ಮನೆ ಯಾವುದು ಎಂದು ಶಾಂತವೀರ ಕೇಳಿದ. ಆಕೆ ಬಹಳ ಹೊತ್ತು ಹುಡುಕಿದಳು. ನಿಜಕ್ಕೂ ಹುಡುಕಿದಳು, ಅದು ನಟನೆಯಾಗಿರಲಿಲ್ಲ.

"ಗೊತ್ತಿಲ್ಲಪ್ಪ" ಎಂದಳು. "ನಾನು ಏನೂ ನೋಡಿಲ್ಲ. ನಿಮ್ಮ ಜೋಡಿ ಇವತ್ತೇ ನೋಡ್ತಿರೋದು."

ನೀಲಾಂಬಿಕಳಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಹಾಗಾದರೆ ಮೂರು ವರ್ಷ ಏನು ಮಾಡಿದೆ ಎಂದು ಪಕ್ಕಕ್ಕೆ ಬಂದು ಕೂತು ಕೇಳಿದಳು. ಹೇಳಲಿಕ್ಕೆ ಹೆಚ್ಚೇನೂ ಇರಲಿಲ್ಲ. ಸಂಜೆಗತ್ತಲಲ್ಲಿ ಪರದೆ ಇಳಿಬಿಟ್ಟ ಗಾಡಿಯಲ್ಲಿ ತಂದು ಇಳಿಸಿದರು. ಹದಿನಾಲ್ಕು ಜನರಿಗೆ ಅಡಿಗೆ, ಹಿತ್ತಲ ಬಾವಿಯ ನೀರು, ಪಾತ್ರೆ, ಮತ್ತೆ ಅಡಿಗೆ. ಹಿತ್ತಲಿನ ಸುತ್ತ ಎರಡಾಳೆತ್ತರದ ಗೋಡೆ. ಸೊಸೆಯರು ಬೀದಿಗೆ ಇಳಿಯುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಗಂಡ ಹೋದಮೇಲೆ ಅದೇ ಪರದೆಯ ಗಾಡಿಯಲ್ಲಿ, ಕತ್ತಲಲ್ಲೇ, ತವರಿಗೆ ಕಳಿಸಿದರು.

ಅಷ್ಟರಲ್ಲಿ ಮಹೇಶ್ವರಪ್ಪ ಕೊರಳಿನ ಬೆವರೊರೆಸುತ್ತ ಹತ್ತಿ ಬಂದ. ರಾಜೇಶ್ವರಮ್ಮ ನೀಲಾಂಬಿಕಳ ಕೈ ಮೆಲ್ಲಗೆ ಒತ್ತಿದಳು. ಆದರೆ ಕೈ ಒತ್ತಿದ್ದು ನೀಲಾಂಬಿಕಳದು. ಬಾಯಿ ಬಿಟ್ಟವನು ಶಾಂತವೀರ. "ಅಪ್ಪ, ಅತ್ತೆ ಬೆಂಗಳೂರು ನೋಡೇ ಇಲ್ಲಂತೆ."

ಮಹೇಶ್ವರಪ್ಪ ನಕ್ಕ. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ. ತನ್ನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ, ಬೆಂಗಳೂರು ಬೇಕಾದರೆ ನಮ್ಮಕ್ಕನ್ನ ಕೇಳಿ ಎಂದು ಹೇಳಿಕೊಳ್ಳುತ್ತಿದ್ದವನು ಅವನೇ. ಈಗ ಅವನು ಬೈದರೂ ಸರಿ, ಹಂಗಿಸಿದರೂ ಸರಿ ಎಂದು ಆಕೆ ಕಲ್ಲು ನೋಡುತ್ತ ಕೂತಳು.

"ನಾನು ಹುಡುಗ ಇದ್ದಾಗ ನಿಮ್ಮನೇಗೆ ಬಂದಿದ್ನಲ್ಲ" ಎಂದ ಅವನು. "ನಿನ್ನ ಮೈದುನ ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದ. ನೀನ್ಯಾಕೆ ಬರಲಿಲ್ಲ ಅಂದ್ರೆ, ನಾನು ದಿನಾ ಹೋಗ್ತೀನಿ, ನನಗೆ ಬ್ಯಾಸರ ಆಗೇತಿ ಅಂದಿದ್ದಿ. ಅಡಿಗೆಮನ್ಯಾಗೆ ಕೂತು ಏನೇನು ನೋಡಿದಿ ಅಂತ ಒಂದೊಂದೇ ಕೇಳಿದ್ದಿ."

"ಇಲ್ಲ ಅಂದಿದ್ರೆ ನೀನು ಹೋಗಿ ಅವ್ವಗೆ ಹೇಳ್ತಿದ್ದಿ" ಎಂದಳು ರಾಜೇಶ್ವರಮ್ಮ. "ಅವ್ವ ಅಳೋಳು."

ಹತ್ತು ವರ್ಷದ ಹುಡುಗನಾಗಿದ್ದಾಗ ಊರಿಗೆ ಹೋಗಿ, ಅಕ್ಕ ರಾಣಿಯ ಹಾಗಿದ್ದಾಳೆ, ದಿನಾ ಲಾಲ್‌ಬಾಗಿಗೆ ಹೋಗುತ್ತಾಳೆ ಎಂದು ಅವ್ವನಿಗೆ ಹೇಳಿದವನು ಮಹೇಶ್ವರಪ್ಪನೇ. ಅವ್ವ ಅದನ್ನು ನಂಬಿಕೊಂಡೇ ಸತ್ತಿದ್ದಳು. ಅವನು ಅಕ್ಕನ ಪಕ್ಕದಲ್ಲಿ ಕೂತ. ಸಂಜೆ ಮಕ್ಕಳಿಗೆ ಮ್ಯೂಸಿಯಂ ತೋರಿಸುವುದೆಂದಿತ್ತು. ಅದು ನಾಳೆಗಿರಲಿ ಎಂದು ಅವನು ತಾನೇ ತೀರ್ಮಾನ ಮಾಡಿದ.

"ಅಕ್ಕ, ನಿನಗೆ ಏನು ನೋಡ್ಬೇಕು ಹೇಳು. ಇವತ್ತು ಅಲ್ಲಿಗೆ ಹೋಗಾಣ."

ಯಾರೂ ಆಕೆಯನ್ನು ಇದುವರೆಗೆ ಹಾಗೆ ಕೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಮಕ್ಕಳಿಗೆ ಏನು ತೋರಿಸಬೇಕು ಎಂದು. ಅರಮನೆ, ಕಬ್ಬನ್ ಪಾರ್ಕು, ವಿಧಾನಸೌಧ ಎಲ್ಲ ಮನಸ್ಸಿನಲ್ಲಿ ಸಾಲಾಗಿ ಬಂದು ಹೋದವು. ಕೊನೆಗೆ ಆಕೆ ಹೇಳಿದ್ದು ಬೇರೆ. ಆ ಹಿತ್ತಲ ಗೋಡೆಯಾಚೆ ದಿನವಿಡೀ ಒಂದು ಸದ್ದು ಬರುತ್ತಿತ್ತು. ಧಪ್ ಧಪ್, ಧಪ್ ಧಪ್. ಒನಕೆಯಲ್ಲ, ಒನಕೆಯ ಸದ್ದು ಆಕೆಗೆ ಗೊತ್ತು. ಕಮ್ಮಾರನದೂ ಅಲ್ಲ, ಅಗಸರದೂ ಅಲ್ಲ. ಏನದು ಎಂದು ಒಂದು ಸಲ ಗಂಡನ ತಾಯಿಯನ್ನು ಕೇಳಿ, ನಿನಗ್ಯಾಕೆ ಅದೆಲ್ಲ ಎನ್ನಿಸಿಕೊಂಡಿದ್ದಳು. ಮೂರು ವರ್ಷ ಅದನ್ನು ಕೇಳುತ್ತ ನೀರು ಸೇದಿದ್ದಳು. ಬೆಂಗಳೂರಿಗೆ ಹೋಗಿ ಬಂದ ಇಪ್ಪತ್ತು ಮನೆಯವರಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ.

"ಅದೇನಂತ ನೋಡ್ಬೇಕು" ಎಂದಳು.

ಮಕ್ಕಳಿಬ್ಬರೂ ಎದ್ದು ನಿಂತರು. ಇದರ ಮುಂದೆ ಅವರಿಗೆ ಮ್ಯೂಸಿಯಂ ಸಪ್ಪೆಯಾಗಿ ಹೋಯಿತು.

ಮನೆಯ ದಾರಿ ಮಹೇಶ್ವರಪ್ಪನಿಗೆ ಗೊತ್ತಿತ್ತು. ಹೊರಗಿನದು ಅವನಿಗೆ ಗೊತ್ತು, ಒಳಗಿನದು ಆಕೆಗೆ. ಜಟಕಾ ತರಗುಪೇಟೆಯ ಮೂಟೆಗಳ ನಡುವೆ ನುಗ್ಗಿ ಒಂದು ಸಂದಿಯ ಬಾಯಿಯಲ್ಲಿ ನಿಂತಿತು. ಆಕೆಯ ಗಂಡನ ಮನೆಯವರು ಮನೆ ಮಾರಿ ತುಮಕೂರಿನ ಕಡೆ ಹೋಗಿ ಎಷ್ಟೋ ವರ್ಷವಾಗಿತ್ತು. ಮನೆ ಈಗ ಬೆಲ್ಲದ ಗೋದಾಮು. ಹಮಾಲರು ಒಳಗೆ ಹೊರಗೆ ಓಡಾಡುತ್ತಿದ್ದರು. ರಾಜೇಶ್ವರಮ್ಮ ಮುಂಬಾಗಿಲನ್ನು ಮೊದಲ ಸಲ ಬೆಳಕಿನಲ್ಲಿ ನೋಡಿದಳು. ಬಣ್ಣ ಹೋದ ಸಾಧಾರಣ ಬಾಗಿಲು. ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಆಕೆಗೆ ಅನ್ನಿಸಲಿಲ್ಲ.

ಹಿಂದಿನ ಬೀದಿಗೆ ತಿರುಗುತ್ತಿದ್ದಂತೆಯೇ ಸದ್ದು ಕೇಳಿತು. ಆಕೆ ತಮ್ಮನ ತೋಳು ಹಿಡಿದುಕೊಂಡಳು. ಒಂದು ತಗ್ಗು ಬಾಗಿಲಿನ ಒಳಗೆ ಗಡ್ಡದ ಮುದುಕನೂ ಅವನ ಮಗನೂ ಎದುರು ಬದುರು ಕೂತು, ನೆಲದಲ್ಲಿ ಹೂತ ಕಲ್ಲಿನ ಮೇಲೆ ಒಂದು ತೊಗಲಿನ ಪುಸ್ತಕ ಇಟ್ಟುಕೊಂಡು ಸುತ್ತಿಗೆಯಿಂದ ಬಡಿಯುತ್ತಿದ್ದರು. ಅವನದೊಂದು ಪೆಟ್ಟು, ಇವನದೊಂದು ಪೆಟ್ಟು. ಇದೇನು ಎಂದು ನೀಲಾಂಬಿಕ ಹೊಸ್ತಿಲಿನಿಂದಲೇ ಕೇಳಿದಳು. ಮುದುಕ ನಕ್ಕು ಕೈ ನಿಲ್ಲಿಸಿ, ಪುಸ್ತಕದ ಎರಡು ಹಾಳೆ ಬಿಡಿಸಿ ಹಿಡಿದ. ನಡುವೆ ಬೆಳ್ಳಿಯ ರೇಕು ಇತ್ತು. ಮಿಠಾಯಿಯ ಮೇಲೆ ಅಂಟಿಸುವಂಥದ್ದು, ನೆರಳಿಗಿಂತ ತೆಳ್ಳಗೆ.

"ಉಸಿರು ಬಿಡ್ಬೇಡಮ್ಮ, ಹಾರ್ಹೋಗುತ್ತೆ" ಎಂದ.

ಮಕ್ಕಳಿಬ್ಬರೂ ಕೆನ್ನೆ ಉಬ್ಬಿಸಿ ಉಸಿರು ಹಿಡಿದರು. ರಾಜೇಶ್ವರಮ್ಮನೂ ಹಿಡಿದಳು. ಅಷ್ಟು ಭಾರದ ಪೆಟ್ಟು ಇಷ್ಟು ಹಗುರದ್ದಕ್ಕೇ ಎಂದು ಆಕೆಗೆ ನಂಬಲಿಕ್ಕಾಗಲಿಲ್ಲ. ಈ ಸಲ ಯಾರಿಗೂ ಹೆದರದೆ, ಬಾಗಿ, ಕಣ್ಣು ತುಂಬ ನೋಡಿದಳು. ಎಷ್ಟು ವರ್ಷದಿಂದ ಈ ಕೆಲಸ ಎಂದು ಮಹೇಶ್ವರಪ್ಪ ವಿಚಾರಿಸಿದ.

"ನಮ್ಮಪ್ಪನ ಕಾಲದಿಂದಾನೂ ಇದೇ ಜಾಗ" ಎಂದ ಮುದುಕ, ಹಿಂದಿನ ಗೋಡೆಗೆ ತಲೆ ಆನಿಸಿ. "ಆಗ ಗೋಡೆ ಆ ಕಡೆ ಒಂದು ಬಾವಿ ಇತ್ತು. ನಾವು ಬಂದು ಬಾಗಿಲು ತೆಗೆಯೋಕೆ ಮುಂಚೇನೇ ರಾಟೆ ಸದ್ದು ಶುರು ಆಗಿರೋದು. ಸಾಯಂಕಾಲ ಬಾಗಿಲು ಹಾಕೋವಾಗಲೂ ಕೇಳೋದು. ಯಾರಪ್ಪ ಇಷ್ಟೊಂದು ನೀರು ಸೇದ್ತಾರೆ ಅಂತ ನಮ್ಮಪ್ಪ ಕೇಳೋರು. ಒಂದಿನ ನಿಂತೇ ಹೋಯ್ತು."

ಮಹೇಶ್ವರಪ್ಪ ಅಕ್ಕನ ಕಡೆ ನೋಡಿದ. ನೀಲಾಂಬಿಕಳೂ ನೋಡಿದಳು. ಅದು ಆಕೆಯೇ ಹೇಳಬೇಕಾದ ಮಾತು.

"ನಾನೇ ಅದು" ಎಂದಳು ರಾಜೇಶ್ವರಮ್ಮ.

ಮುದುಕ ಆಕೆಯನ್ನು ನೋಡಿದ. ಸುತ್ತಿಗೆಯನ್ನು ಪಕ್ಕಕ್ಕಿಟ್ಟು, ಮಗನನ್ನು ಎಬ್ಬಿಸಿ, ಅವನು ಕೂತಿದ್ದ ಮಣೆಯನ್ನು ಹೆಗಲ ಮೇಲಿನ ಬಟ್ಟೆಯಿಂದ ಎರಡು ಸಲ ಒರೆಸಿ, ಹೊಸ್ತಿಲಿನ ಹತ್ತಿರಕ್ಕೆ ಸರಿಸಿದ.