ಒಂದು ನಿಮಿಷ ನಲವತ್ತು ಸೆಕೆಂಡು

ನನ್ನ ಬಾಯಿ ಜೋರು. ಇಪ್ಪತ್ತೆರಡು ವರ್ಷ ಐಸಿಯುನಲ್ಲಿ ನರ್ಸ್ ಆಗಿರುವವಳು ಮೆತ್ತಗೆ ಮಾತಾಡಬೇಕು ಅನ್ನುವವರು ಇಲ್ಲಿ ಒಂದು ಪಾಳಿ ಮಾಡಿ ನೋಡಲಿ. ಆದರೆ ಆ ಮಧ್ಯಾಹ್ನ, ಬಾಯಿ ಬಿಡಲೇಬೇಕಾದ ಹೊತ್ತಿನಲ್ಲಿ, ನಾನು ತುಟಿ ಬಿಚ್ಚಲಿಲ್ಲ.

ನಮ್ಮಲ್ಲೊಂದು ಪದ್ಧತಿ. ಉಸಿರಿನ ನಳಿಕೆಯನ್ನು ಬಾಯಿಯಿಂದ ಇಳಿಸಲು ಎರಡೇ ಸಲ ನೋಡುವುದು. ಆಗದಿದ್ದರೆ, ಮಾಸ್ಕ್‌ನಿಂದಲೂ ಗಾಳಿ ಹೋಗದಿದ್ದರೆ, ಪಕ್ಕದಲ್ಲಿ ನಿಂತ ನರ್ಸ್ ಚಾಕುವಿನ ಪೊಟ್ಟಣ ಬಿಚ್ಚಿ, ಕತ್ತಿನಿಂದಲೇ ದಾರಿ ಮಾಡಿ ಎಂದು ಗಟ್ಟಿಯಾಗಿ ಹೇಳಬೇಕು. ನಳಿಕೆ ಹಿಡಿದವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ಅದಕ್ಕೆ. ಹೋದ ತಿಂಗಳು ಹಾಗೇ ಹೇಳಿದ್ದೆ. ದೊಡ್ಡ ಡಾಕ್ಟರು ಕೇಳದೆ ಮೂರನೇ ಸಲ ನೋಡಿದರು, ನಳಿಕೆ ಸಲೀಸಾಗಿ ಇಳಿಯಿತು. ಅಕ್ಕನಿಗೆ ಕುಯ್ಯೋಕೆ ಬಹಳ ಅವಸರ ಎಂದು ನಕ್ಕರು. ಅಂದಿನಿಂದ ವಾರ್ಡಿಗೆಲ್ಲ ನಾನು ಚಾಕು ಅಕ್ಕ. ಮೇಲೆ ನಗುತ್ತಿದ್ದೆ, ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಬಂದವರು ಒಬ್ಬ ಬಸ್ ಡ್ರೈವರು. ಹಲ್ಲಿನ ಕೀವು ಗಂಟಲಿಗಿಳಿದು ಕತ್ತು ಊದಿಕೊಂಡಿತ್ತು. ಹೊರಗೆ ಕೂರಿಸುವಾಗ ಅವರ ಹೆಂಡತಿ ನನ್ನ ಹತ್ತಿರ ದೂರಿದರು: ಉಸಿರಿಗೆ ಒದ್ದಾಡುತ್ತಲೇ, ಮನೆಗೆ ಬೀಗ ಹಾಕಿದೆಯಾ ಎಂದು ದಾರಿಯುದ್ದಕ್ಕೂ ಹತ್ತು ಸಲ ಕೇಳಿದರಂತೆ.

ಮೊದಲ ಸಲ ಆಗಲಿಲ್ಲ. ಎರಡನೆಯದೂ ಆಗಲಿಲ್ಲ. ಮಾಸ್ಕ್ ಒತ್ತಿ ಹಿಡಿದರೂ ಎದೆ ಏಳಲಿಲ್ಲ. ಆಕ್ಸಿಜನ್ ಎಪ್ಪತ್ತೆಂಟು. ದೊಡ್ಡ ಡಾಕ್ಟರು ಮತ್ತೆ ಬಗ್ಗಿದರು. ಪೊಟ್ಟಣ ನನ್ನ ಕೈಯಲ್ಲೇ ಇತ್ತು. ನಾನು ಹೇಳಿ, ಈ ಸಲವೂ ನಳಿಕೆ ಇಳಿದುಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳಲಿ? ಅರವತ್ತೊಂದು. ಆಕ್ಸಿಜನ್ ಇಳಿದಂತೆ ಮಾನಿಟರಿನ ದನಿಯೂ ತಗ್ಗುತ್ತಾ ಹೋಯಿತು. ಡ್ರೈವರ ತುಟಿ ನೀಲಿಗಟ್ಟಿತು. ನನ್ನ ಮರ್ಯಾದೆಗಿಷ್ಟು ಬೆಂಕಿ ಬೀಳಲಿ ಅಂದುಕೊಂಡೆ.

"ಸರ್, ಸಾಕು. ಕತ್ತಿನಿಂದಲೇ ದಾರಿ ಮಾಡಿ."

ಅವರು ತಲೆ ಎತ್ತಿದರು, ನಂಬರು ನೋಡಿ ಬಿಳಿಚಿಕೊಂಡರು. ಕೈ ಚಾಚಿದರು, ಚಾಕು ಕೊಟ್ಟೆ. ಊದಿದ ಕತ್ತಿನಲ್ಲಿ ಗಂಟಲಗಂಟಿನ ಕೆಳಗಿನ ತಗ್ಗನ್ನು ಬೆರಳಿನಿಂದ ತಡಕಿ ಕುಯ್ದರು. ರಕ್ತದ ನಡುವೆ ಸಣ್ಣ ನಳಿಕೆ ಒಳಗೆ ಹೋಯಿತು. ಎದೆ ಎದ್ದಿತು. ನಲವತ್ತನಾಲ್ಕಕ್ಕೆ ಇಳಿದಿದ್ದ ನಂಬರು ನಿಧಾನಕ್ಕೆ ತೊಂಬತ್ತು ದಾಟಿತು.

ಆಮೇಲೆ ಸಮಯ ಬರೆದಿಟ್ಟ ಹಾಳೆ ನೋಡಿದೆ. ಎರಡನೆಯದು ಸೋತಾಗಿನಿಂದ ನಾನು ಬಾಯಿ ಬಿಡುವ ತನಕ ಒಂದು ನಿಮಿಷ ನಲವತ್ತು ಸೆಕೆಂಡು. ಗಾಳಿಯಿಲ್ಲದ ಮಿದುಳು ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡು ದಿನ ಊಟ ಸೇರಲಿಲ್ಲ. ಅವರ ಹೆಂಡತಿ ಕೈ ಹಿಡಿದು, ನೀವೇ ಉಳಿಸಿದ್ರಿ ಅಂದಾಗಲೆಲ್ಲ ಕೆಲಸದ ನೆಪ ಹೇಳಿ ಬಿಡಿಸಿಕೊಂಡೆ. ಡ್ರೈವರು ಎದ್ದು, ಹೆಂಡತಿಯ ಗುರುತೇ ಹಿಡಿಯದಿದ್ದರೆ?

ಮೂರನೇ ಬೆಳಿಗ್ಗೆ ನಿದ್ದೆಯ ಔಷಧಿ ನಿಲ್ಲಿಸಿದೆವು. ಡ್ರೈವರು ಕಣ್ಣು ಬಿಟ್ಟರು. ಬಹಳ ಹೊತ್ತು ಸೂರು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ತುಟಿ ಆಡಿಸಿದರು. ಕತ್ತಿನ ನಳಿಕೆಯಿಂದಾಗಿ ದನಿ ಬರಲಿಲ್ಲ, ಆಕೆಗೆ ಅರ್ಥವಾಗಲಿಲ್ಲ. ಇಂಥ ತುಟಿ ಓದಿ ಓದಿ ಪಳಗಿದವಳು ನಾನು.

"ಬೀಗ ಹಾಕಿದ್ಯಾ ಅಂತ ಕೇಳ್ತಿದಾರೆ" ಎಂದೆ.

ಆಕೆ ಅಳುತ್ತಲೇ ನಕ್ಕು, ಮತ್ತೆ ನನ್ನ ಕೈ ಹಿಡಿದರು. ಈ ಸಲ ಬಿಡಿಸಿಕೊಳ್ಳಲಿಲ್ಲ.

"ಕೂತ್ಕೊಳ್ಳಿ. ಅವತ್ತು ನಾನು ಒಂದು ನಿಮಿಷ ನಲವತ್ತು ಸೆಕೆಂಡು ಸುಮ್ನೆ ನಿಂತಿದ್ದೆ. ಅದನ್ನ ನಿಮಗೆ ಹೇಳ್ಬೇಕು."

ದೊಡ್ಡ ಡಾಕ್ಟರು ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಅವರು ಇನ್ನೊಂದು ಸ್ಟೂಲು ಎಳೆದುಕೊಂಡರು.

"ಅಕ್ಕನ ಬಾಯಿ ಮುಚ್ಚಿಸಿದ್ದು ನಾನು" ಎಂದರು. "ಮೊದಲು ನಾನು ಹೇಳ್ತೀನಿ."