ಜೋಡಿ ಬಾಗಿಲಿನ ನಡುವೆ

ನಮ್ಮ ವಾರ್ಡಿಗೆ ಎರಡು ಕಬ್ಬಿಣದ ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತದೆ. ನಡುವಿನ ಜಾಗದಲ್ಲಿ ಒಂದು ಮಂಚವೂ ಹಿಡಿಸುವುದಿಲ್ಲ. ಅಪರಾಧ ಮಾಡಿದವರನ್ನು ಜೈಲಿನ ಬದಲು ಚಿಕಿತ್ಸೆಗೆಂದು ನ್ಯಾಯಾಲಯ ಕಳಿಸುವುದು ಇಲ್ಲಿಗೆ. ನಾನು ಅಟೆಂಡರ್ ಆಗಿ ಸೇರಿ ಮೂರು ವಾರವಾಗಿತ್ತು. ಎಲ್ಲರ ಬಾಯಲ್ಲಿ ನಾನು 'ಹೊಸಬ'.

ಆ ಮಧ್ಯಾಹ್ನ 'ಮುಳ್ಳು' ಎಂಬ ರೋಗಿಯನ್ನು ಹಲ್ಲಿನ ಡಾಕ್ಟರ ಕೋಣೆಯಿಂದ ವಾಪಸ್ ಕರೆತರುತ್ತಿದ್ದೆ. ಗಡಿಯಾರದ ಸೆಕೆಂಡಿನ ಮುಳ್ಳಿನ ಹಾಗೆ ಹೊತ್ತು ಎಣಿಸುತ್ತಾನೆಂದು ಅವನಿಗೆ ಆ ಹೆಸರು. ಆಟಿಸಂ ಇದೆ. ಆರಡಿ ಆಳು, ಮೊರದಂಥ ಅಂಗೈ. ಫೈಲಿನಲ್ಲಿ ಅವನ ಅಪರಾಧಕ್ಕೆ ಒಂದೇ ಸಾಲು: 'ಕಾರಣವಿಲ್ಲದೆ ಕಾವಲುಗಾರನ ದವಡೆ ಮುರಿದ.'

ಮರುದಿನ ಹತ್ತಕ್ಕೆ, ಯಾರನ್ನು ಬಿಡಬೇಕೆಂದು ತೀರ್ಮಾನಿಸುವ ಮಂಡಳಿಯವರು ಬರುವವರಿದ್ದರು. ಆರು ತಿಂಗಳು ಯಾರ ಮೈಮೇಲೂ ಕೈ ಹಾಕದಿದ್ದರೆ ಅವನನ್ನು ಬೀಗವಿಲ್ಲದ ಮನೆಗೆ ಕಳಿಸುತ್ತಾರೆ. ಅವನ ಅಕ್ಕನ ಮನೆಗೆ ಅದು ನಡೆದು ಹೋಗುವಷ್ಟು ಹತ್ತಿರ. ಐದು ತಿಂಗಳು ಇಪ್ಪತ್ತೊಂಬತ್ತು ದಿನ ಮುಗಿದಿತ್ತು. ಈ ಲೆಕ್ಕವೂ ಅವನದೇ.

ಜೊತೆಗೆ ಇಬ್ಬರು ಅಟೆಂಡರ್ ಇರಬೇಕೆಂದು ನಿಯಮ. ಇನ್ನೊಬ್ಬ "ನೀನು ನಡಿ, ಬಂದೇ ಬಿಟ್ಟೆ" ಎಂದು ಚಹಾಕ್ಕೆ ಹೋದ. ನಾನೂ ನಡೆದೆ. ಹೊರಬಾಗಿಲು ಹಿಂದೆ ಮುಚ್ಚಿತು. ಒಳಬಾಗಿಲು ತೆರೆಯಲಿಲ್ಲ.

ಗೋಡೆಯ ಸ್ಪೀಕರಿನಲ್ಲಿ ಕಂಟ್ರೋಲ್ ರೂಮಿನವನ ದನಿ ಕೇಳಿತು. "ಎರಡೂ ಬಾಗಿಲು ಕೈ ಕೊಟ್ಟಿವೆ ಕಣಪ್ಪಾ. ಎರಡೇ ನಿಮಿಷ ಇರಿ."

ಮುಳ್ಳಿನ ಅಕ್ಕ ಬರೆದುಕೊಟ್ಟ ಒಂದು ಹಾಳೆ ನರ್ಸ್ ಕೋಣೆಯ ಗೋಡೆಯಲ್ಲಿದೆ. 'ಅವನಿಗೆ ಸುಮ್ಮನೆ ಬಾಯಿಗೆ ಬಂದ ಹೊತ್ತು ಹೇಳಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹಿಂದಿನಿಂದ ಮುಟ್ಟಬೇಡಿ.' ಕಂಟ್ರೋಲ್ ರೂಮಿನವನು ಅದನ್ನು ಓದಿರಲಿಲ್ಲ. ಅವನು ಹೇಳಿದ್ದು ನಾವೆಲ್ಲರೂ ದಿನಕ್ಕೆ ಹತ್ತು ಸಲ ಹೇಳುವ ಮಾತೇ.

ಮುಳ್ಳು ಬಾಗಿಲನ್ನೇ ನೋಡುತ್ತ ಎಣಿಸತೊಡಗಿದ. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ನೂರ ಇಪ್ಪತ್ತು," ಎಂದ. "ಎರಡು ನಿಮಿಷ ಆಯ್ತು."

"ಆಗೇ ಹೋಯ್ತು, ಇನ್ನೆರಡು ನಿಮಿಷ," ಎಂದಿತು ಸ್ಪೀಕರು.

ಅವನು ಹಣೆಯನ್ನು ಗೋಡೆಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ಆಮೇಲೆ ಮುಷ್ಟಿಯಿಂದ ಕಿವಿಯ ಮೇಲೆ ಗುದ್ದಿಕೊಳ್ಳತೊಡಗಿದ. ನನಗೆ ಉಚ್ಚೆ ಬರುವಂತಾಯಿತು. ಹಿಂದೆ ಸರಿಯಲು ಜಾಗವಿರಲಿಲ್ಲ. ನನ್ನ ಬೆನ್ನು ಆಗಲೇ ಬಾಗಿಲಿಗೆ ಅಂಟಿತ್ತು.

ಸೊಂಟದಲ್ಲಿ ಅಲಾರಂ ಇತ್ತು. ದಾರ ಎಳೆದರೆ ಸೈರನ್ ಕೂಗುತ್ತದೆ, ಕೈಕೋಳ ಹಿಡಿದು ಐದು ಜನ ನುಗ್ಗುತ್ತಾರೆ, ಅವನನ್ನು ನೆಲಕ್ಕೆ ಕೆಡವಿ ಹಿಡಿಯುತ್ತಾರೆ. ರಿಜಿಸ್ಟರಿನಲ್ಲಿ ಅದು 'ಹಲ್ಲೆ' ಎಂದೇ ದಾಖಲಾಗುತ್ತದೆ. ಮತ್ತೆ ಒಂದನೇ ದಿನದಿಂದ ಎಣಿಕೆ. ತರಬೇತಿಯಲ್ಲಿ ನಮಗೆ ಕಲಿಸಿದ್ದು ಒಂದೇ: ಮೊದಲು ಎಳಿ, ಆಮೇಲೆ ಯೋಚಿಸು. ದಾರವನ್ನು ಬೆರಳಿಗೆ ಸುತ್ತಿಕೊಂಡೆ.

"ಲಿಫ್ಟಲ್ಲೂ ಎರಡು ನಿಮಿಷ ಅಂದ್ರು," ಎಂದ ಮುಳ್ಳು. ಗುದ್ದು ನಿಂತಿರಲಿಲ್ಲ. "ಹನ್ನೊಂದು ಸಲ ಅಂದ್ರು. ಆಮೇಲೆ ಕಾವಲುಗಾರ ಹಿಂದಿನಿಂದ ಭುಜ ಹಿಡಿದ."

ಫೈಲಿನಲ್ಲಿ ಲಿಫ್ಟಿನ ಮಾತೇ ಇರಲಿಲ್ಲ.

"ಅಣ್ಣಾ," ಎಂದೆ. "ಅವರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಯಾವಾಗ ತೆರೆಯುತ್ತೋ ಯಾರಿಗೂ ಗೊತ್ತಿಲ್ಲ. ನಂಗೆ ಭಯ ಆಗ್ತಿದೆ."

"ಯಾರ ಭಯ?"

"ನಿಮ್ಮ ಭಯ."

ಮುಷ್ಟಿ ಗಾಳಿಯಲ್ಲೇ ನಿಂತಿತು. ಅವನು ನನ್ನ ಅಂಗಿಯ ಗುಂಡಿ ನೋಡುತ್ತ, "ನಂಗೆ ಬಾಗಿಲ ಭಯ," ಎಂದ. ಮುಷ್ಟಿ ಮತ್ತೆ ಮೇಲೆದ್ದಿತು.

ದಾರ ಬಿಟ್ಟು ಕೈ ಮುಂದೆ ಚಾಚಿದೆ. "ಕಿವಿಗೆ ಬೇಡ. ಇದನ್ನ ಹಿಡ್ಕೊಳ್ಳಿ."

ಹಿಡಿದ. ಮಣಿಕಟ್ಟಿನ ಮೂಳೆ ಪುಡಿಯಾಗುತ್ತದೆಂದುಕೊಂಡೆ. ಕೂಗಿದರೆ ಇನ್ನೇನಾಗುತ್ತದೋ ಎಂದು ಹಲ್ಲು ಕಚ್ಚಿದೆ. ಸ್ಪೀಕರು ಇನ್ನೊಮ್ಮೆ ಗೊರಗೊರ ಎಂದಾಗ, "ಹೊತ್ತು ಹೇಳಬೇಡಿ!" ಎಂದು ಚೀರಿದೆ. ಆಮೇಲೆ ಒಳಬಾಗಿಲು ಟಕ್ಕೆಂದಿತು. ಮುಳ್ಳು ನನ್ನ ಕೈ ಬಿಟ್ಟು, ಏನೂ ಆಗದವನಂತೆ ತನ್ನ ಕೋಣೆಗೆ ನಡೆದ.

ರಿಜಿಸ್ಟರಿನಲ್ಲಿ ಬರೆದೆ: 'ಬಾಗಿಲು ಕೆಟ್ಟಿತ್ತು. ನನ್ನ ಕೈ ಬಾಗಿಲಿಗೆ ತಗುಲಿತು.'

ವಾರ್ಡಿನ ಹೆಡ್ ನರ್ಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಆಕೆ ಅದನ್ನು ಓದಿ, ನನ್ನ ಮಣಿಕಟ್ಟು ತಿರುಗಿಸಿ ನೋಡಿದರು.

"ಬಾಗಿಲಿಗೂ ನಾಲ್ಕು ಬೆರಳಿದ್ಯೇನೋ?"

ನಾನು ಕೈ ಹಿಂದಕ್ಕೆಳೆದುಕೊಂಡೆ.

"ನಾಳೆ ಮಂಡಳಿಯವರು ಅವನನ್ನೂ ಕೇಳ್ತಾರೆ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ನೀನು ಬಾಗಿಲು ಅಂತೀಯ, ಅವನು ನಾನು ಹಿಡಿದೆ ಅಂತಾನೆ. ಅವನು ಹೊಡೆದದ್ದನ್ನ ನೀನು ಮುಚ್ಚಿಟ್ಟೆ ಅಂತಾಗುತ್ತೆ. ಉಪಕಾರ ಮಾಡೋಕೆ ಹೋಗಿ ಅವನ ಬುಡಕ್ಕೇ ಕೊಡಲಿ ಹಾಕಿದ್ಯಲ್ಲೋ."

ಬಾಗಿಲ ನಡುವೆ ಆದದ್ದಕ್ಕಿಂತ ಹೆಚ್ಚು ಭಯ ಆಗ ಆಯಿತು. ಬರೆದದ್ದರ ಮೇಲೆ ಗೆರೆ ಎಳೆದು, ಕೆಳಗೆ ಬರೆದೆ: 'ಮೊದಲು ಬರೆದದ್ದು ಸುಳ್ಳು. ಅವನು ನನ್ನ ಮಣಿಕಟ್ಟು ಹಿಡಿದ. ಹಿಡಿಯಲು ಹೇಳಿದ್ದು ನಾನು, ಅವನು ತನಗೇ ಹೊಡೆದುಕೊಳ್ಳದಿರಲಿ ಎಂದು. ಎರಡು ನಿಮಿಷ ಎಂದು ಎರಡು ಸಲ ಹೇಳಲಾಗಿತ್ತು. ಇಬ್ಬರು ಇರಬೇಕಾದ ಕಡೆ ನಾನೊಬ್ಬನೇ ಇದ್ದೆ. ಅಲಾರಂ ಎಳೆಯಲಿಲ್ಲ.' ಸಹಿ ಹಾಕಿದೆ.

"ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನೆನಪಿದೆ ತಾನೆ?"

"ಇದೆ."

"ಇದನ್ನ ಓದಿ ಅವರೇನು ಮಾಡ್ತಾರೋ ನಂಗೂ ಗೊತ್ತಿಲ್ಲಪ್ಪ," ಎಂದು ದೊಡ್ಡಮ್ಮ ರಿಜಿಸ್ಟರು ಮುಚ್ಚಿದರು.

ಪಾಳಿ ಮುಗಿಸುವ ಮುಂಚೆ ಮುಳ್ಳಿನ ಕೋಣೆಯ ಕಿಂಡಿಯಲ್ಲಿ ಇಣುಕಿದೆ. ಅವನು ಮಂಚದ ಅಂಚಿನಲ್ಲಿ ಕೂತಿದ್ದ. ಹಣೆ ಊದಿತ್ತು.

"ತೊಂಬತ್ತನಾಲ್ಕು ಸೆಕೆಂಡು ಹಿಡಿದಿದ್ದೆ," ಎಂದ. "ಹಾಗೇ ಬರೆದ್ಯಾ?"

"ಹಿಡಿದಿದ್ರಿ ಅಂತ ಬರೆದೆ. ಸೆಕೆಂಡು ನಾನು ಎಣಿಸಿರಲಿಲ್ಲ."

"ನಾಳೆ ಎಷ್ಟು ಗಂಟೆಗೆ ಬರ್ತಾರೆ?"

'ಹತ್ತಕ್ಕೆ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಕಾಗದದಲ್ಲಿ ಹತ್ತು ಅಂತಿದೆ. ತಡ ಆಗಬಹುದು. ಎಷ್ಟು ತಡ ಅಂತ ಗೊತ್ತಿಲ್ಲ."

"ನಾನು ಹೋಗ್ತೀನಾ?"

"ಅದೂ ಗೊತ್ತಿಲ್ಲ ಅಣ್ಣಾ."

ಅವನು ಬಾಗಿಲನ್ನೇ ನೋಡಿದ.

"ಸರಿ," ಎಂದ. ಎಣಿಸಲಿಲ್ಲ.