ಚಿಕ್ಕಬೋರಮ್ಮನ ಸಾಕ್ಷಿ

"ಬಾಯಿ ಬುಟ್ಟು ಏಳೇ ಮುಂಡೆ. ನಿನ್ ಗಂಡ ಕುಡ್ದು ಗಾಣಕ್ಕೆ ಕೈ ಕೊಟ್ಟ, ಅಷ್ಟೇಯ. ಸೋಮಾರ ಲೇಬರ್ ಆಪೀಸ್ ಸಾಹೇಬ್ರು ಬಂದು ಕೇಳ್ದಾಗ ಇಂಗೇ ಏಳ್ಬೇಕು."

ಹೊನ್ನಪ್ಪ ತನ್ನ ಆಲೆಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಚಿಕ್ಕಬೋರಮ್ಮ ಕಬ್ಬಿನ ಹೊರೆ ತಲೆಯ ಮೇಲೆ ಇಟ್ಟುಕೊಂಡೇ ನಿಂತಿದ್ದಳು. ಇಳಿಸು ಅಂತ ಅವನು ಅಂದಿರಲಿಲ್ಲ.

"ನಮ್ಮೆಜಮಾನ ಕುಡಿಯಾಕಿಲ್ಲ ಗೌಡ್ರೆ. ಯೇಸಪ್ಪನ್ನ ನಂಬುದ್ಮೇಲೆ ಮುಟ್ಟಿಲ್ಲ."

"ನೀರಲ್ಲಿ ಮುಳುಗ್ಸಿ ಎತ್ತುದ್ರೆ ಜಾತಿ ತೊಳ್ದೋಯ್ತದೇನೆ? ಕೇರಿಯೋಳು ಕೇರಿಯೋಳೇ. ನನ್ ಜಾಗ್ದಲ್ಲಿ ಗುಡಿಸ್ಲು ಆಕ್ಕೊಂಡಿದ್ದೀಯ, ಗ್ಯಾನ ಇರ್ಲಿ."

ಗಾಣದ ಹಲ್ಲುಚಕ್ರದ ಮೇಲಿದ್ದ ತಗಡಿನ ಮುಚ್ಚಳ ಹೋದ ಹಂಗಾಮಿನಲ್ಲೇ ಕಿತ್ತುಹೋಗಿತ್ತು. ಹಾಕಿಸಿ ಅಂತ ಗಂಡ ಮುದ್ದಯ್ಯ ಕೇಳಿದಾಗಲೆಲ್ಲ ಹೊನ್ನಪ್ಪ ನಕ್ಕುಬಿಡುತ್ತಿದ್ದ. ಆಮೇಲೊಂದು ದಿನ ಚಕ್ರ ಮುದ್ದಯ್ಯನ ಅಂಗಿಯ ತೋಳು ಕಚ್ಚಿ ಎಳೆಯಿತು. ಬೆರಳಿಂದ ಮೊಣಕೈವರೆಗೂ ಕೈ ಹೋಯಿತು. ಈಗ ಅಪ್ಪನ ಜಾಗದಲ್ಲಿ ಕಾಲೇಜು ಬಿಟ್ಟ ಮೇಘನ ನಿಂತು ಗಾಣಕ್ಕೆ ಕಬ್ಬು ಕೊಡುತ್ತಿದ್ದಳು. ಮುಚ್ಚಳ ಇನ್ನೂ ಬಂದಿರಲಿಲ್ಲ.

ಶನಿವಾರ ಸಂಜೆ ಶ್ರೀರಂಗಪಟ್ಟಣದಿಂದ ಪಾಸ್ಟರು ಗುಡಿಸಲಿಗೆ ಬಂದರು. ಮುದ್ದಯ್ಯ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಹೊನ್ನಪ್ಪನವರು ನಮ್ಮ ಪ್ರಾರ್ಥನಾ ಮನೆಗೆ ಶೀಟು ಹಾಕಿಸ್ತಾರಂತೆ. ನಾಳೆ ಆರಾಧನೆಗೂ ಬರ್ತಾರೆ. ನೀವು ಎದ್ದು ಸಾಕ್ಷಿ ಹೇಳಿ ತಾಯಿ. ತಪ್ಪು ನಮ್ಮವರದೇ, ಯಾರ ಮೇಲೂ ದೂರಿಲ್ಲ ಅಂತ. ಕರ್ತನೂ ಬಾಯಿ ತೆರೀದೆ ಸಹಿಸಿದನಲ್ಲ."

ಚಿಕ್ಕಬೋರಮ್ಮ ಕಾಫಿ ಲೋಟ ಅವರ ಮುಂದಿಟ್ಟಳು. "ಕ್ಷಮಿಸೋಂತ ಮನಸು ಕೊಡಪ್ಪ ಅಂತ ದಿನಾ ಮೊಣಕಾಲೂರ್ತಾ ಇವ್ನಿ ಅಯ್ನೋರೆ. ಅದು ಬಗ್ಗಾಕಿಲ್ಲ, ನಾನು ಬುಡಾಕಿಲ್ಲ. ಆದ್ರೆ ಕುಡ್ದಿದ್ದ ಅಂತ ಎಂಗೇಳ್ಲಿ? ಕ್ಷಮ್ಸೋದ್ಕೂ ಸುಳ್ಳೇಳೋದ್ಕೂ ಏನ್ ನಂಟು?"

"ಈ ಊರಲ್ಲಿ ನಾವು ಬೈಬಲ್ಲು ಬಿಚ್ಚೋದೇ ಅವರು ಸುಮ್ಮನಿರೋದ್ರಿಂದ," ಅಂದರು ಪಾಸ್ಟರು. ಮಾತಾಡುತ್ತಲೇ ಎರಡು ಸಲ ತಿರುಗಿ ಬಾಗಿಲ ಕಡೆ ನೋಡಿದರು. ಅದನ್ನು ಕಂಡ ಚಿಕ್ಕಬೋರಮ್ಮನಿಗೆ ಸಿಟ್ಟು ಬರಲಿಲ್ಲ.

ಭಾನುವಾರ ಹೊನ್ನಪ್ಪ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಉಳಿದವರು ಚಾಪೆಯ ಮೇಲೆ. ತೋಟದಾಚೆಯಿಂದ ಆಲೆಮನೆಯ ಗಾಣದ ಸದ್ದು ಕೇಳುತ್ತಿತ್ತು. ಅದಕ್ಕೆ ಭಾನುವಾರ ಇರಲಿಲ್ಲ.

ಚಿಕ್ಕಬೋರಮ್ಮ ಸೆರಗು ತಲೆಗೆ ಹೊದ್ದು ಮೈಕಿನ ಮುಂದೆ ನಿಂತಳು.

"ಕರ್ತನಿಗೆ ಸ್ತೋತ್ರ. ನನ್ ಗಂಡ ಕುಡ್ದಿರ್ನಿಲ್ಲ. ಗಾಣಕ್ಕೆ ಮುಚ್ಳ ಇರ್ನಿಲ್ಲ."

ಪಾಸ್ಟರು ಮೈಕು ಆರಿಸಿದರು. ಅವಳು ದನಿ ಎತ್ತಿದಳು.

"ಗೌಡ್ರ ಮ್ಯಾಲೆ ಹಗೆ ಇಟ್ಕೊಳ್ದಂಗೆ ನನ್ನ ಕಾಯಪ್ಪಾ ಅಂತ ಬೇಡ್ಕೋತೀನಿ. ಆದ್ರೆ ನಾಳೆ ಸಾಹೇಬ್ರಿಗೂ ಇದ್ನೇ ಏಳ್ತೀನಿ."

ಯಾರೂ ಆಮೆನ್ ಅನ್ನಲಿಲ್ಲ. ಹೊನ್ನಪ್ಪ ನಿಧಾನವಾಗಿ ಎದ್ದ. "ಆಯ್ತು ಕಣಮ್ಮಿ. ನಿನ್ ಮಗ್ಳು ಈಗ್ಲೂ ಗಾಣದ ಮುಂದೇನೇ ಅವ್ಳೆ. ನೆಪ್ಪಿರ್ಲಿ."

ಚಿಕ್ಕಬೋರಮ್ಮನ ಕಾಲು ಬಾಗಿಲ ಕಡೆ ತಿರುಗಿತು. ಚಪ್ಪಲಿ ಮೆಟ್ಟಲಿಲ್ಲ. ಕಡಿದ ಕಬ್ಬಿನ ಕೂಳೆ ಚುಚ್ಚುತ್ತಿದ್ದ ಗದ್ದೆಯಲ್ಲಿ ಅಡ್ಡ ಹಾದು ಓಡಿದಳು. ಆಲೆಮನೆಯೊಳಗೆ ನುಗ್ಗಿ ಗಾಣದ ಸ್ವಿಚ್ಚು ಎಳೆದಳು. ಉರುಳೆಗಳು ಕಚ್ಚಿದ ಕಬ್ಬನ್ನು ಇನ್ನಷ್ಟು ನುಂಗಿ, ನರಳಿ, ನಿಂತವು.

"ಕೈ ತಗಿ ಮಗ," ಅಂದಳು. ಮೇಘನ ತೆಗೆದಳು.

ಬೈಕು ಬಂತು. "ಯಾರೇ ನಿಲ್ಸ್ದೋಳು, ಲೌಡಿ," ಅನ್ನುತ್ತ ಹೊನ್ನಪ್ಪ ಒಳಗೆ ಬಂದ. ಚಿಕ್ಕಬೋರಮ್ಮ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ಅವನು ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಅವಳು ಜರುಗಲಿಲ್ಲ.

"ಲೇ ಮರಿಯಯ್ಯ, ಇವಳನ್ನ ಎಳ್ದಾಕಿ ಕರೆಂಟು ಆಕ್ಲಾ."

ಮರಿಯಯ್ಯ ಕೊಪ್ಪರಿಗೆಯ ಪಾಕ ತಿರುವುವವನು. ಯೇಸುವಿನ ಸಭೆಗೆ ಒಂದು ದಿನವೂ ಕಾಲಿಟ್ಟವನಲ್ಲ, ಮಾರಮ್ಮನ ಒಕ್ಕಲು. ಅವನು ಬಯಲಾಗಿ ನಿಂತ ಹಲ್ಲುಚಕ್ರ ನೋಡಿದ, ಮೇಘನಳ ಕೈ ನೋಡಿದ. ಕೈಲಿದ್ದ ಉದ್ದನೆ ಸಟ್ಟುಗವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕುಂತುಬಿಟ್ಟ. ಒಲೆಗೆ ಒಣಗಿದ ಕಬ್ಬಿನ ರಚ್ಚು ತಳ್ಳುತ್ತಿದ್ದವಳೂ ಪಕ್ಕಕ್ಕೆ ಬಂದು ಕುಂತಳು.

"ಪಾಕ ಸೀದೋಯ್ತದೆ ಕಣ್ರೋ, ಬೋಳಿಮಕ್ಳಾ."

ಯಾರೂ ಏಳಲಿಲ್ಲ. ಒಲೆ ಇನ್ನೂ ಉರಿಯುತ್ತಿತ್ತು. ಕೊಪ್ಪರಿಗೆ ಉಕ್ಕಿ, ಕಪ್ಪಾಗಿ ಅಂಚು ದಾಟಿತು. ಸೀದ ಬೆಲ್ಲದ ಹೊಗೆ ಆಲೆಮನೆಯಿಂದ ಊರ ಕಡೆಗೆ ತಿರುಗಿತು.